ದಿನಕ್ಕೆ ಹತ್ತು ನಿಮಿಷ ಧ್ಯಾನ: ಶುರು ಮಾಡುವುದು ಹೇಗೆ, ಬಿಡದೆ ಮುಂದುವರಿಸುವುದು ಹೇಗೆ

ಧ್ಯಾನ ಶುರು ಮಾಡಿ ವಾರದೊಳಗೆ ಬಿಟ್ಟವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ ಮಾತು: "ನನ್ನ ಮನಸ್ಸು ಒಂದು ಕ್ಷಣವೂ ನಿಲ್ಲಲ್ಲ, ನನಗಿದು ಆಗಿಬರಲ್ಲ." ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅವರಲ್ಲಿ ಏನೂ ಕೊರತೆ ಇರುವುದಿಲ್ಲ. ಕಣ್ಣು ಮುಚ್ಚಿದ ಕೂಡಲೇ ತಲೆಯೊಳಗಿನ ಗದ್ದಲ ಅಡಗಬೇಕು ಅಂತ ಯಾರೋ ಹೇಳಿರುತ್ತಾರೆ. ಅದು ಅಡಗದೆ ಇದ್ದಾಗ ತಪ್ಪು ತಮ್ಮದೇ ಅಂದುಕೊಂಡು ಎದ್ದುಬಿಡುತ್ತಾರೆ.

ಮನಸ್ಸು ಓಡುತ್ತದೆ, ಓಡುವುದು ಅದರ ಗುಣ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ ಅಂತ ಕೇಳಿದ್ದರು. ಸುಮಾರು ಶೇ 47ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಜನರ ಖುಷಿಯೂ ಕಡಿಮೆ ಇತ್ತು. ಅಂದರೆ ಎಚ್ಚರ ಇರುವ ಹೊತ್ತಿನ ಹತ್ತಿರ ಹತ್ತಿರ ಅರ್ಧದಷ್ಟು ನಾವು ಕೂತ ಕಡೆ ಇರುವುದೇ ಇಲ್ಲ. ಧ್ಯಾನಕ್ಕೆ ಕೂತ ಆ ಹತ್ತು ನಿಮಿಷ ಮಾತ್ರ ಮನಸ್ಸು ಅಲ್ಲಾಡಬಾರದು ಅಂದರೆ ಹೇಗಾದೀತು?

ಹಾಗಾದರೆ ಧ್ಯಾನದಲ್ಲಿ ಮಾಡುವುದೇನು? ಗಮನಕ್ಕೆ ನಿಲ್ಲಲು ಒಂದು ಜಾಗ ಕೊಡುತ್ತೀರಿ, ಸಾಮಾನ್ಯವಾಗಿ ಉಸಿರು. ಗಮನ ಅಲ್ಲಿಂದ ಜಾರುತ್ತದೆ. ಸ್ವಲ್ಪ ಹೊತ್ತಿಗೆ ಜಾರಿದ್ದು ಗೊತ್ತಾಗುತ್ತದೆ. ವಾಪಸ್ ತರುತ್ತೀರಿ. ಇಷ್ಟೇ. ಈ ವಾಪಸ್ ತರುವ ಕೆಲಸವೇ ಧ್ಯಾನ. ಹತ್ತು ನಿಮಿಷದಲ್ಲಿ ಐವತ್ತು ಸಲ ಮನಸ್ಸು ಓಡಿ, ಐವತ್ತು ಸಲವೂ ನೀವು ಕರೆತಂದಿದ್ದರೆ ಅವತ್ತಿನ ಅಭ್ಯಾಸ ಚೆನ್ನಾಗಿಯೇ ಆಗಿದೆ. ಇದೊಂದು ತಲೆಗೆ ಹತ್ತಿದರೆ ಉಳಿದದ್ದು ಸಲೀಸು, ಅದಕ್ಕೇ ಮೊದಲು ಹೇಳಿಬಿಟ್ಟೆ.

ಎಲ್ಲಿ, ಯಾವಾಗ, ಹೇಗೆ ಕೂರಬೇಕು

ಹತ್ತು ನಿಮಿಷ ಯಾರೂ ಕರೆಯದ ಒಂದು ಮೂಲೆ ಸಾಕು. ಪೂರ್ತಿ ನಿಶ್ಶಬ್ದ ಬೇಕಿಲ್ಲ. ಹೊರಗೆ ಗಾಡಿ ಓಡಾಡಲಿ, ಪಕ್ಕದ ಕೋಣೆಯಲ್ಲಿ ಮಾತು ಕೇಳಲಿ, ಪರವಾಗಿಲ್ಲ. ದಿನವೂ ಅದೇ ಜಾಗ ಆದರೆ ಒಳ್ಳೆಯದು. ಅಲ್ಲಿ ಕೂತ ಕೂಡಲೇ ಮೈಗೆ ಗೊತ್ತಾಗುತ್ತದೆ, ಈಗ ಇದರ ಹೊತ್ತು ಅಂತ.

ಯಾವ ಹೊತ್ತು ಅಂದರೆ, ನನ್ನ ಓಟು ಬೆಳಿಗ್ಗೆಗೆ: ಎದ್ದು ಮುಖ ತೊಳೆದ ಮೇಲೆ, ಮೊಬೈಲ್ ಕೈಗೆ ತೆಗೆದುಕೊಳ್ಳುವ ಮುಂಚೆ. ಒಂದು ಸಲ ಮೆಸೇಜು ನೋಡಿದಿರೋ, ಆಮೇಲೆ ಕೂತರೂ ತಲೆಯೊಳಗೆ ಉತ್ತರ ಬರೆಯುತ್ತಲೇ ಇರುತ್ತೀರಿ. ಬೆಳಿಗ್ಗೆ ಆಗದವರು ಸಂಜೆ ಕೂರಬಹುದು. ಹೊಟ್ಟೆ ತುಂಬಾ ಊಟ ಮಾಡಿದ ಕೂಡಲೇ ಮಾತ್ರ ಬೇಡ, ತೂಕಡಿಕೆ ಬರುತ್ತದೆ.

ಪದ್ಮಾಸನ ಹಾಕಲೇಬೇಕು ಅಂತೇನಿಲ್ಲ. ಇದರ ಬಗ್ಗೆ ಸುಮ್ನೆ ಜಾಸ್ತಿ ಭಯ ಇದೆ. ನೆಲದ ಮೇಲೆ ಕಾಲು ಮಡಚಿ ಕೂರುವುದಾದರೆ ಕೆಳಗೆ ಒಂದು ದಪ್ಪ, ಗಟ್ಟಿ ದಿಂಬು ಹಾಕಿಕೊಂಡು ಅದರ ಮುಂದಿನ ಅಂಚಿನ ಮೇಲೆ ಕೂತುಕೊಳ್ಳಿ. ಮಂಡಿಗಳು ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರಬೇಕು, ಇದನ್ನೊಂದು ಗಮನಿಸಿ. ಮಂಡಿ ಮೇಲೆ ಎದ್ದುಕೊಂಡಿದ್ದರೆ ಸೊಂಟ ಹಿಂದಕ್ಕೆ ವಾಲಿ, ಬೆನ್ನು ಬಾಗಿ, ಐದು ನಿಮಿಷಕ್ಕೇ ನೋವು ಶುರುವಾಗುತ್ತದೆ. ಒಂದು ದಿಂಬು ಸಾಲದಿದ್ದರೆ ಎರಡು ಹಾಕಿ. ಕುರ್ಚಿಯೂ ಆಗುತ್ತದೆ, ಅದರಲ್ಲಿ ಕೀಳು ಅನ್ನುವಂಥದ್ದು ಏನೂ ಇಲ್ಲ: ಎರಡೂ ಪಾದ ನೆಲಕ್ಕೆ ಊರಿರಲಿ, ಸ್ವಲ್ಪ ಮುಂದೆ ಸರಿದು ಬೆನ್ನು ನೇರ ಮಾಡಿ. ಬೆನ್ನುನೋವು ಇದ್ದವರು ಒರಗಿಕೊಳ್ಳಿ. ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು ಅಂತ ಯೋಗದಲ್ಲಿ ಹಿಂದಿನಿಂದಲೂ ಹೇಳುತ್ತಾರೆ. ಎರಡನೆಯದನ್ನು ಜನ ಮರೆತುಬಿಡುತ್ತಾರೆ.

ಕೈಗಳನ್ನು ತೊಡೆಯ ಮೇಲೆ ಹಾಗೇ ಬಿಡಿ, ಮುದ್ರೆ ಬೇಕಿದ್ದರೆ ಹಾಕಿ, ಬೇಡದಿದ್ದರೆ ಬಿಡಿ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ, ಹತ್ತು ನಿಮಿಷದ ಟೈಮರ್ ಇಟ್ಟು, ಕೈಗೆ ಸಿಗದಷ್ಟು ದೂರ ಇಡಿ. ಅಲಾರಂ ಸದ್ದು ಮೆಲ್ಲಗಿನದ್ದೇ ಇರಲಿ, ಬೆಚ್ಚಿಬೀಳುವ ಹಾಗಿರಬಾರದು. ಟೈಮರ್ ಇಲ್ಲದೆ ಕೂತರೆ ಎಷ್ಟು ಹೊತ್ತಾಯ್ತು ಅನ್ನುವ ಯೋಚನೆಯೇ ಅರ್ಧ ಸಮಯ ತಿನ್ನುತ್ತದೆ.

ಮೊದಲ ಹತ್ತು ನಿಮಿಷ

ಕಣ್ಣು ಮುಚ್ಚಿ. ಮುಚ್ಚಿದರೆ ಕಸಿವಿಸಿ ಆಗುವವರು ಅರ್ಧ ತೆರೆದು, ಎರಡು ಮೂರು ಅಡಿ ಮುಂದೆ ನೆಲದ ಮೇಲೆ ದೃಷ್ಟಿ ಇಟ್ಟರೂ ಸಾಕು.

ಮೊದಲ ನಿಮಿಷ ಉಸಿರಿನ ತಂಟೆಗೆ ಹೋಗಬೇಡಿ. ಮೈಯನ್ನು ನೋಡಿಕೊಳ್ಳಿ. ಹಲ್ಲು ಕಚ್ಚಿಕೊಂಡಿದ್ದೀರಾ? ದವಡೆ ಸಡಿಲ ಮಾಡಿ. ಭುಜ ಕಿವಿಯ ಕಡೆಗೆ ಎದ್ದಿರುತ್ತದೆ, ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ, ಅದನ್ನು ಕೆಳಗೆ ಬಿಡಿ. ಹುಬ್ಬುಗಳ ನಡುವೆ ಗಂಟು ಇದ್ದರೆ ಬಿಡಿಸಿ. ಹೊಟ್ಟೆಯನ್ನು ಒಳಗೆ ಎಳೆದು ಹಿಡಿದಿದ್ದರೆ ಅದನ್ನೂ ಬಿಡಿ, ಯಾರೂ ನೋಡುತ್ತಿಲ್ಲ.

ಈಗ ಉಸಿರು. ಅದನ್ನು ಉದ್ದ ಮಾಡುವುದು, ಆಳ ಮಾಡುವುದು ಏನೂ ಬೇಡ, ಬರುವ ಹಾಗೆ ಬರಲಿ. ಅದು ಎಲ್ಲಿ ಚೆನ್ನಾಗಿ ತಿಳಿಯುತ್ತದೆ ಅಂತ ಹುಡುಕಿ. ಕೆಲವರಿಗೆ ಮೂಗಿನ ತುದಿಯಲ್ಲಿ: ಒಳಗೆ ಹೋಗುವ ಗಾಳಿ ತಣ್ಣಗೆ ತಾಗುತ್ತದೆ, ಹೊರಗೆ ಬರುವಾಗ ಸ್ವಲ್ಪ ಬೆಚ್ಚಗಿರುತ್ತದೆ. ಕೆಲವರಿಗೆ ಎದೆಯಲ್ಲಿ. ಇನ್ನು ಕೆಲವರಿಗೆ ಹೊಟ್ಟೆಯಲ್ಲಿ, ಅದು ಉಬ್ಬಿ ಇಳಿಯುವುದು ಸ್ಪಷ್ಟವಾಗಿ ತಿಳಿಯುತ್ತದೆ. ಒಂದು ಜಾಗ ಆರಿಸಿಕೊಂಡು ಅವತ್ತಿನ ಮಟ್ಟಿಗೆ ಅಲ್ಲೇ ಇರಿ. ಮೂಗು, ಎದೆ, ಹೊಟ್ಟೆ ಅಂತ ಸುತ್ತಾಡಬೇಡಿ.

ಹೊಸಬರಿಗೆ ಎಣಿಕೆ ಬಹಳ ಸಹಾಯ ಮಾಡುತ್ತದೆ. ಪ್ರತಿ ಸಲ ಉಸಿರು ಹೊರಗೆ ಹೋಗುವಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಅಂತ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರು ಮಾಡಿ. ನಾಲ್ಕಕ್ಕೋ ಐದಕ್ಕೋ ಎಣಿಕೆ ತಪ್ಪುತ್ತದೆ. ಅಥವಾ ಎಚ್ಚರ ಬಂದು ನೋಡಿದರೆ ಹದಿನೇಳು, ಹದಿನೆಂಟು ಅಂತ ಎಣಿಸುತ್ತಾ ಇರುತ್ತೀರಿ, ಬಾಯಿಪಾಠದ ಹಾಗೆ ಎಣಿಕೆ ತನ್ನಷ್ಟಕ್ಕೆ ಓಡಿರುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ಎಲ್ಲಿ ತಪ್ಪಿತು ಅಂತ ಹುಡುಕಬೇಡಿ. ಒಂದಕ್ಕೆ ಬನ್ನಿ, ಸಾಕು.

ಅಲಾರಂ ಆದಾಗ ಧಡಕ್ಕನೆ ಏಳಬೇಡಿ. ಸುತ್ತಲಿನ ಸದ್ದು ಕೇಳಿಸಿಕೊಳ್ಳಿ, ಬೆರಳು ಆಡಿಸಿ, ಕಣ್ಣು ತೆರೆಯಿರಿ, ಅರ್ಧ ನಿಮಿಷ ಹಾಗೇ ಕೂತಿರಿ. ಕೂತಾಗಿನ ನೆಮ್ಮದಿ ಮುಂದಿನ ಕೆಲಸಕ್ಕೆ ಸ್ವಲ್ಪವಾದರೂ ಜೊತೆಗೆ ಬರುವುದು ಈ ಅರ್ಧ ನಿಮಿಷದಿಂದ, ಇದನ್ನು ಬಿಡಬೇಡಿ.

ಮನಸ್ಸು ಓಡಿದ್ದು ಗೊತ್ತಾದ ಆ ಗಳಿಗೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಎಲ್ಲ ಇರುವುದು ಇಲ್ಲೇ.

ಉಸಿರು ನೋಡುತ್ತಾ ಇದ್ದೀರಿ. ಯಾವಾಗಲೋ ಒಂದು ಹೊತ್ತಿನಲ್ಲಿ ನಿನ್ನೆ ಯಾರೋ ಆಡಿದ ಮಾತು ನೆನಪಾಗುತ್ತದೆ. ಅದಕ್ಕೆ ಹೀಗೆ ಉತ್ತರ ಕೊಡಬೇಕಿತ್ತು ಅನಿಸುತ್ತದೆ. ಉತ್ತರ ಕೊಟ್ಟಿದ್ದರೆ ಅವರು ಏನನ್ನುತ್ತಿದ್ದರು, ಅದಕ್ಕೆ ನೀವು ಏನನ್ನುತ್ತಿದ್ದಿರಿ, ಹೀಗೆ ಒಂದು ಇಡೀ ಜಗಳ ತಲೆಯೊಳಗೆ ನಡೆದು, ದವಡೆ ಮತ್ತೆ ಬಿಗಿಯಾಗಿ, ಎದೆ ಬಡಿತ ಸ್ವಲ್ಪ ಏರಿ, ಆಮೇಲೆ ಇದ್ದಕ್ಕಿದ್ದ ಹಾಗೆ ಹೊಳೆಯುತ್ತದೆ: ಅರೆ, ನಾನು ಉಸಿರು ನೋಡುತ್ತಾ ಕೂತಿದ್ದೆ ಅಲ್ವಾ!

ಆ ಹೊಳೆಯುವ ಗಳಿಗೆ ಬಹಳ ಬೆಲೆಯದ್ದು. ಅದನ್ನು ನೀವು ಬಲವಂತದಿಂದ ತರಿಸಲು ಆಗುವುದಿಲ್ಲ, ಅದು ತಾನಾಗಿ ಬರುತ್ತದೆ, ಅಭ್ಯಾಸ ಮಾಡಿದಷ್ಟೂ ಬೇಗ ಬರುತ್ತದೆ. ಆದರೆ ಹೆಚ್ಚಿನವರು ಅದೇ ಗಳಿಗೆಯಲ್ಲಿ ತಮ್ಮನ್ನು ಬೈದುಕೊಳ್ಳುತ್ತಾರೆ. ಛೇ, ಮತ್ತೆ ಹೋಯ್ತು, ನನ್ನ ಕೈಲಿ ಇದಾಗಲ್ಲ ಅಂತ. ಈ ಬೈಗುಳವೂ ಇನ್ನೊಂದು ಯೋಚನೆಯೇ, ಅದರ ಹಿಂದೆ ಮತ್ತೆ ಒಂದು ನಿಮಿಷ ಹೋಗಿಬಿಡುತ್ತದೆ. ಹೊಸದಾಗಿ ನಡೆಯಲು ಕಲಿತ ಮಗು ಹೊಸಿಲು ದಾಟಿ ಹೋದರೆ ಗದರುವುದಿಲ್ಲವಲ್ಲ, ಹೋಗಿ ಎತ್ತಿಕೊಂಡು ಬರುತ್ತೀರಿ, ಅದು ಮತ್ತೆ ಹೋಗುತ್ತದೆ ಅಂತ ಗೊತ್ತಿದ್ದೂ ಎತ್ತಿಕೊಂಡು ಬರುತ್ತೀರಿ. ಗಮನವನ್ನು ಕರೆತರುವಾಗಲೂ ಅಷ್ಟೇ ಮೆತ್ತಗಿರಿ.

ಒಂದು ಸಣ್ಣ ಉಪಾಯ ಇದೆ. ಮನಸ್ಸು ಎಲ್ಲಿಗೆ ಹೋಗಿತ್ತು ಅನ್ನುವುದಕ್ಕೆ ಒಂದೇ ಪದದ ಹೆಸರು ಇಡಿ: ನೆನಪು, ಯೋಜನೆ, ಚಿಂತೆ, ಸಿಟ್ಟು. ಹೆಸರು ಹೇಳಿ, ಉಸಿರಿಗೆ ಬನ್ನಿ. ವಿಷಯದ ಒಳಗೆ ಇಳಿಯಬೇಡಿ. ಕೆಲವು ವಾರ ಹೀಗೆ ಮಾಡಿದರೆ ನಿಮ್ಮ ಮನಸ್ಸು ಯಾವ ಕಡೆ ಜಾಸ್ತಿ ಓಡುತ್ತದೆ ಅಂತ ನಿಮಗೇ ತಿಳಿಯುತ್ತದೆ. ಕೆಲವರದ್ದು ಬರೀ ನಾಳೆಯ ಪಟ್ಟಿ, ಕೆಲವರದ್ದು ಬರೀ ಹಳೆಯ ಲೆಕ್ಕ. ಇದು ಗೊತ್ತಾದರೆ ಹಗಲಿನಲ್ಲೂ ಉಪಯೋಗಕ್ಕೆ ಬರುತ್ತದೆ. ಮಾತಿನ ಮಧ್ಯೆ ಸಿಟ್ಟು ಏರುವಾಗ, ಅದು ಬಾಯಿಗೆ ಬರುವ ಮುಂಚೆಯೇ ಗುರುತು ಹಿಡಿಯಬಹುದು.

ನಿದ್ದೆ, ತುರಿಕೆ, ಜೋಮು, ಚಡಪಡಿಕೆ

ನಿದ್ದೆ ಬಂದರೆ ಕಣ್ಣು ಅರ್ಧ ತೆರೆಯಿರಿ, ಬೆನ್ನು ನೇರ ಮಾಡಿ, ಎರಡು ಸಲ ಉದ್ದ ಉಸಿರು ತೆಗೆದುಕೊಳ್ಳಿ. ಆದರೂ ದಿನವೂ ತೂಕಡಿಸುತ್ತೀರಿ ಅಂದರೆ ಬಹುಶಃ ನಿಮಗೆ ರಾತ್ರಿ ನಿದ್ದೆ ಸಾಲುತ್ತಿಲ್ಲ. ಮೊದಲು ಅದನ್ನು ಸರಿ ಮಾಡಿಕೊಳ್ಳಿ, ನಿದ್ದೆಗೆ ಬದಲು ಧ್ಯಾನ ಆಗುವುದಿಲ್ಲ.

ಮೂಗಿನ ಮೇಲೆ ತುರಿಕೆ ಶುರುವಾದರೆ ಕೂಡಲೇ ಕೈ ಎತ್ತಬೇಡಿ. ಕೆಲವು ಉಸಿರಿನಷ್ಟು ಹೊತ್ತು ಆ ತುರಿಕೆಯನ್ನೇ ನೋಡಿ: ಎಷ್ಟು ಅಗಲ ಇದೆ, ಚುಚ್ಚುತ್ತಿದೆಯಾ, ಉರಿಯುತ್ತಿದೆಯಾ, ಏರುತ್ತಿದೆಯಾ. ಬಹಳ ಸಲ ಅದು ಏರಿ ತಾನಾಗಿ ಇಳಿದುಹೋಗುತ್ತದೆ. ಇಳಿಯದಿದ್ದರೆ ನಿಧಾನವಾಗಿ ಕೈ ಎತ್ತಿ ಕೆರೆದುಕೊಳ್ಳಿ, ಏನೂ ಪಾಪ ಬರಲ್ಲ.

ಕಾಲು ಜೋಮು ಹಿಡಿಯುವುದು ನರದ ಮೇಲೆ ಒತ್ತಡ ಬಿದ್ದಾಗ. ಹಾಗೇ ಸಹಿಸಿಕೊಂಡು ಕೂರುವುದರಲ್ಲಿ ಸಾಧನೆ ಏನೂ ಇಲ್ಲ. ಕಾಲು ಬದಲಿಸಿ, ದಿಂಬು ಎತ್ತರ ಮಾಡಿ. ಮಂಡಿಯಲ್ಲಿ ಚುಚ್ಚುವ ನೋವು ಬಂದರಂತೂ ಆವತ್ತೇ ಕುರ್ಚಿಗೆ ಬನ್ನಿ.

ಚಡಪಡಿಕೆ ಮಾತ್ರ ಸ್ವಲ್ಪ ಕಷ್ಟ. ಎದ್ದುಬಿಡೋಣ ಅನಿಸುತ್ತದೆ, ಗ್ಯಾಸ್ ಆಫ್ ಮಾಡಿದ್ದೀನಾ ಅನಿಸುತ್ತದೆ. ಮೈಯಲ್ಲಿ ಅದು ಎಲ್ಲಿದೆ ಅಂತ ನೋಡಿ, ಸಾಮಾನ್ಯವಾಗಿ ಎದೆಯಲ್ಲೋ ಕಾಲಿನಲ್ಲೋ ಇರುತ್ತದೆ. ಅದೂ ತಡೆಯಲಾಗದಿದ್ದರೆ ಕೂರುವ ಬದಲು ನಡೆಯಿರಿ: ಹತ್ತು ಹದಿನೈದು ಹೆಜ್ಜೆ ಉದ್ದದ ಜಾಗದಲ್ಲಿ ನಿಧಾನವಾಗಿ ಆ ತುದಿಗೆ ಹೋಗಿ ಬಂದು, ಹಿಮ್ಮಡಿ ಊರುವುದು, ಪಾದ ನೆಲಕ್ಕೆ ಹರಡುವುದು, ಬೆರಳು ತಳ್ಳುವುದು, ಇದರ ಮೇಲೆ ಗಮನ ಇಡಿ. ಇದೂ ಪೂರ್ತಿ ಧ್ಯಾನವೇ.

ಉಸಿರು ಎಲ್ಲರಿಗೂ ಹೊಂದುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಆತಂಕ ಜಾಸ್ತಿ ಇರುವವರಿಗೆ ಉಸಿರು ಗಮನಿಸಿದರೆ ಉಸಿರು ಕಟ್ಟಿದ ಹಾಗಾಗಬಹುದು. ಅಂಥವರು ಸುತ್ತಲಿನ ಸದ್ದುಗಳನ್ನು ಕೇಳಿಸಿಕೊಳ್ಳಿ, ಅಥವಾ ಅಂಗೈ ತೊಡೆಗೆ ತಾಗಿರುವ ಜಾಗದಲ್ಲಿ ಗಮನ ಇಡಿ. ದೇವರಲ್ಲಿ ನಂಬಿಕೆ ಇರುವವರಿಗೆ ನಾಮಜಪ ಚೆನ್ನಾಗಿ ಹೊಂದುತ್ತದೆ, ವಿಧಾನ ಅದೇ, ಮರೆತಾಗ ನಾಮಕ್ಕೆ ವಾಪಸ್ ಬರುವುದು. ರಾತ್ರಿ ಮಲಗಿದ ಮೇಲೆ ಮೈ ಸಡಿಲ ಆಗಬೇಕು ಅನ್ನುವವರು ಅಂಗಾತ ಮಲಗಿ ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ತನ್ನಿ. ಮಂಡಿ ದಾಟುವ ಮುಂಚೆ ನಿದ್ದೆ ಬಂದರೆ ಬರಲಿ.

ಬೇಗ ಸಮಾಧಾನ ಬೇಕಾದಾಗ

ಉಸಿರನ್ನು ಬೇಕೆಂತಲೇ ನಿಧಾನ ಮಾಡುವ ಈ ವಿಧಾನ ಧ್ಯಾನದ ಪಕ್ಕದ ಮನೆಯದ್ದು, ಆದರೆ ಬಹಳ ಕೆಲಸಕ್ಕೆ ಬರುತ್ತದೆ. ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಮೂಗಿನಿಂದ 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, ಹೀಗೆ ಬಿಟ್ಟರೆ ನಿಮಿಷಕ್ಕೆ 6 ಉಸಿರು ಆಗುತ್ತದೆ. ಉಸಿರು ಒಳಗೆ ಎಳೆಯುವಾಗ ಎದೆ ಬಡಿತ ಸ್ವಲ್ಪ ಚುರುಕಾಗುತ್ತದೆ, ಹೊರಗೆ ಬಿಡುವಾಗ ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಹೃದಯಕ್ಕೆ, ಹೊಟ್ಟೆಗೆ ಇಳಿಯುವ ವೇಗಸ್ ಅನ್ನುವ ನರದ ಕೆಲಸ ಅದು. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ, ಉಸಿರು ಬಿಡುವಾಗ ಬಡಿತಗಳ ನಡುವಿನ ಅಂತರ ಉದ್ದ ಆಗುವುದು ಹಲವರಿಗೆ ಬೆರಳಿಗೇ ತಿಳಿಯುತ್ತದೆ. ಇಂಟರ್‌ವ್ಯೂಗೆ ಹೋಗುವ ಮುಂಚೆ, ಜಗಳ ಆದ ಮೇಲೆ, ನಿದ್ದೆ ಬಾರದ ರಾತ್ರಿ, ಮೂರು ನಿಮಿಷ ಸಾಕು. ತಲೆ ಸುತ್ತಿದರೆ ನಿಲ್ಲಿಸಿ, ಮಾಮೂಲಿ ಉಸಿರಿಗೆ ಬನ್ನಿ. ದಿನದ ಧ್ಯಾನ ಶುರು ಮಾಡುವ ಮುಂಚೆ ಒಂದೆರಡು ನಿಮಿಷ ಹೀಗೆ ಮಾಡಿದರೆ ಮೈ ಬೇಗ ತಣ್ಣಗಾಗುತ್ತದೆ, ಆಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟುಬಿಡಿ.

ದಿನವೂ ಮಾಡುವುದು ಹೇಗೆ

ಭಾನುವಾರ ಒಂದು ಗಂಟೆ ಕೂತು ಆರು ದಿನ ಬಿಡುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಎಷ್ಟೋ ಮೇಲು. ಹತ್ತು ಜಾಸ್ತಿ ಅನಿಸಿದರೆ ಐದು. ಹೇಗೂ ದಿನವೂ ಮಾಡುವ ಒಂದು ಕೆಲಸಕ್ಕೆ ಇದನ್ನು ಕಟ್ಟಿಹಾಕಿ: ಹಲ್ಲುಜ್ಜಿದ ಮೇಲೆ, ಸ್ನಾನ ಆದ ಮೇಲೆ. "ಟೈಮ್ ಸಿಕ್ಕಾಗ" ಅಂದರೆ ಆ ಟೈಮ್ ಸಿಗುವುದೇ ಇಲ್ಲ.

21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಅನ್ನುವ ಮಾತು ನಂಬಿಕೊಂಡು ಎಷ್ಟೋ ಜನ ಇಪ್ಪತ್ತೆರಡನೆಯ ದಿನ ನಿರಾಶರಾಗುತ್ತಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತನ್ನಷ್ಟಕ್ಕೆ ನಡೆಯುವ ಹಾಗಾಗಲು ಸರಾಸರಿ 66 ದಿನ ಬೇಕಾಯಿತು, ಒಬ್ಬೊಬ್ಬರ ಲೆಕ್ಕ 18 ದಿನದಿಂದ 254 ದಿನದವರೆಗೆ ಹರಡಿತ್ತು. ಅದರಲ್ಲೇ ಕಂಡ ಇನ್ನೊಂದು ಮಾತು ನನಗೆ ತುಂಬಾ ಇಷ್ಟ: ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥಾ ವ್ಯತ್ಯಾಸವೇನೂ ಆಗಲಿಲ್ಲ. ಹಾಗಾಗಿ ಜ್ವರ ಬಂತು, ಪ್ರಯಾಣ ಇತ್ತು, ಒಂದು ದಿನ ತಪ್ಪಿತು ಅಂದರೆ ಮರುದಿನ ಕೂತುಕೊಳ್ಳಿ. ತಪ್ಪಿದ ದಿನಕ್ಕೆ ಬಡ್ಡಿ ಸೇರಿಸಿ ಇಪ್ಪತ್ತು ನಿಮಿಷ ಕೂರುವುದೆಲ್ಲ ಬೇಡ.

ಏನು ಸಿಗುತ್ತದೆ, ಯಾರು ಹುಷಾರಾಗಿರಬೇಕು

ಧ್ಯಾನದಿಂದ ಎಲ್ಲ ಕಾಯಿಲೆ ಹೋಗುತ್ತದೆ ಅನ್ನುವವರನ್ನು ನಂಬಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ದೀರ್ಘಕಾಲದ ನೋವು, ಒತ್ತಡ ಇದ್ದ ರೋಗಿಗಳಿಗೆ ಕೆಲವು ವಾರಗಳ ಧ್ಯಾನ ತರಬೇತಿ ಶುರು ಮಾಡಿದ ಮೇಲೆ ಇದರ ಬಗ್ಗೆ ಆಸ್ಪತ್ರೆಗಳಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. 2014ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರ ತಂಡ 47 ಪ್ರಯೋಗಗಳನ್ನು, ಒಟ್ಟು 3,500ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಆತಂಕ, ಖಿನ್ನತೆ, ನೋವು, ಈ ಮೂರರಲ್ಲಿ ಸ್ವಲ್ಪ ಮಟ್ಟಿನ ಸುಧಾರಣೆ ಕಂಡಿತು. ಆದರೆ ವ್ಯಾಯಾಮ, ಔಷಧಿಯಂಥ ಬೇರೆ ಚಿಕಿತ್ಸೆಗಿಂತ ಧ್ಯಾನ ಮೇಲು ಅನ್ನಲು ಆಧಾರ ಸಿಗಲಿಲ್ಲ. ನನಗಿದು ಧೈರ್ಯ ಕೊಡುವ ಸುದ್ದಿಯೇ. ಕಾಸು ಖರ್ಚಿಲ್ಲದೆ, ಕೂತಲ್ಲೇ ಮಾಡುವ ಒಂದು ಅಭ್ಯಾಸದಿಂದ ಇಷ್ಟು ಸಿಕ್ಕರೆ ಅದು ಕಡಿಮೆಯೇನಲ್ಲ. ನಡಿಗೆ, ನಿದ್ದೆ, ಡಾಕ್ಟರು ಹೇಳಿದ ಮಾತ್ರೆ, ಇವುಗಳ ಜೊತೆಗೆ ಇದೂ ಇರಲಿ. ಧ್ಯಾನ ಶುರು ಮಾಡಿದೆ ಅಂತ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ತೀವ್ರ ಖಿನ್ನತೆಯಲ್ಲಿ ಇರುವವರು, ದೊಡ್ಡ ಆಘಾತದ ನೆನಪು ಕಾಡುತ್ತಿರುವವರು, ಇಲ್ಲದ ದನಿ ಕೇಳಿಸುವಂಥ ಮನೋರೋಗ ಹಿಂದೆ ಆಗಿದ್ದವರು, ಒಬ್ಬರೇ ಕಣ್ಣು ಮುಚ್ಚಿ ಕೂರುವ ಮುಂಚೆ ತಮ್ಮ ಡಾಕ್ಟರ ಹತ್ತಿರ ಮಾತಾಡಿ. ಸುಮ್ಮನೆ ಕೂತಾಗ ಒಳಗಿನದ್ದೆಲ್ಲ ಮೇಲೆ ಬರುತ್ತದೆ, ಕೆಲವೊಮ್ಮೆ ತಡೆದುಕೊಳ್ಳಲಾಗದಷ್ಟು. ಯಾರಿಗೇ ಆಗಲಿ, ಕೂತಾಗ ಭಯ ಏರುತ್ತಾ ಹೋದರೆ ಕಣ್ಣು ತೆರೆದು, ಎದ್ದು ಓಡಾಡಿ, ಯಾರ ಜೊತೆಗಾದರೂ ಮಾತಾಡಿ. ಗಟ್ಟಿಯಾಗಿ ಹಿಡಿದು ಕೂರುವ ಹಟ ಬೇಡ.

ಮುಂದಕ್ಕೆ

ಹತ್ತು ನಿಮಿಷ ಸಲೀಸು ಅನಿಸಿದ ಮೇಲೆ ಹದಿನೈದು, ಆಮೇಲೆ ಇಪ್ಪತ್ತು ಮಾಡಿ. ದಿನದ ಬದುಕಿಗೆ ಇಪ್ಪತ್ತು ಧಾರಾಳವಾಯಿತು. ಆ್ಯಪ್‌ನಲ್ಲೋ ಆಡಿಯೋದಲ್ಲೋ ಯಾರಾದರೂ ಹೇಳಿಕೊಡುತ್ತಾ ಹೋದರೆ ಮೊದಲ ವಾರಗಳಲ್ಲಿ ಅನುಕೂಲ, ಬಳಸಿ. ಆದರೆ ವಾರಕ್ಕೆ ಎರಡು ದಿನವಾದರೂ ಆ ದನಿ ಇಲ್ಲದೆ ಕೂತು ನೋಡಿ, ಇಲ್ಲದಿದ್ದರೆ ಮನಸ್ಸು ಓಡಿದ್ದನ್ನು ಗುರುತಿಸುವ ಕೆಲಸವನ್ನು ಆ ದನಿಯೇ ಮಾಡಿಬಿಡುತ್ತದೆ. ಹತ್ತು ದಿನ ಮಾತಿಲ್ಲದೆ ಕೂರುವ ಶಿಬಿರಗಳಿಗೆ ಹೋಗಬೇಕು ಅಂತ ಆಸೆ ಇದ್ದರೆ, ಮೊದಲು ಮನೆಯಲ್ಲಿ ಕೆಲವು ತಿಂಗಳು ದಿನವೂ ಕೂತಿರಿ, ಆಮೇಲೆ ಅರ್ಧ ದಿನದ್ದೋ ಒಂದು ದಿನದ್ದೋ ಸಣ್ಣ ಶಿಬಿರಕ್ಕೆ ಹೋಗಿ ಬನ್ನಿ. ದೊಡ್ಡದಕ್ಕೆ ಹೆಸರು ಕೊಡುವಾಗ ಅಲ್ಲಿ ನಡುವೆ ಕಷ್ಟ ಆದರೆ ಮಾತಾಡಲು ಯಾರಿರುತ್ತಾರೆ, ಬೇಡ ಅನಿಸಿದರೆ ಹೊರಟುಬರಬಹುದಾ ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ.